ಮೊದಲು ಗಿರಾಕಿ, ಆಮೇಲೆ ಮಷೀನು

ಮಗಳೇ,

ಹೊಲಿಗೆ ತರಬೇತಿ ಮುಗಿಸಿ ಸರ್ಟಿಫಿಕೇಟ್ ತಗೊಂಡು ಬಂದಿದ್ದೀಯ ಎಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ನಿನ್ನ ತಮ್ಮನೂ ಮೋಟರ್ ರಿವೈಂಡಿಂಗ್ ಕಲಿಯಲು ಹೆಸರು ಕೊಟ್ಟಿದ್ದಾನಂತೆ. ಕೇಳಿ ಮನಸ್ಸಿಗೆ ಹಿತವಾಯಿತು. ಬ್ಯಾಂಕಿಗೆ ಹೋಗಿ ಎರಡು ಮಷೀನಿಗೆ ಸಾಲ ಕೇಳಬೇಕು ಅಂತಿದ್ದೀಯಂತೆ. ಅಲ್ಲಿಗೆ ಹೋಗುವ ಮುಂಚೆ ಈ ದೊಡ್ಡಪ್ಪನ ಮಾತು ಸ್ವಲ್ಪ ಕೇಳು. ನೌಕರಿಯ ಕಾಲವನ್ನೆಲ್ಲ ಹಳ್ಳಿ ಶಾಖೆಗಳಲ್ಲಿ, ಸಾಲ ಕೊಡುವ ಮೇಜಿನ ಹಿಂದೆ ಕಳೆದವನು ನಾನು. ಯಾರ ಅಂಗಡಿ ಕುದುರಿತು, ಯಾರದು ಬಾಗಿಲು ಹಾಕಿತು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ಕಸುಬು ಕಲಿತ ಮಾತ್ರಕ್ಕೆ ಬಡತನ ಹೋಗುವುದಿಲ್ಲ. ಆ ಕಸುಬಿನಿಂದ ತಿಂಗಳು ತಿಂಗಳೂ ಕೈಗೆ ದುಡ್ಡು ಬರತೊಡಗಿದಾಗ ಹೋಗುತ್ತದೆ. ಕಲಿಯುವುದಕ್ಕೂ ದುಡ್ಡು ಬರುವುದಕ್ಕೂ ನಡುವೆ ಬಹಳ ದಾರಿಯಿದೆ. ನಾನು ಹೇಳಬೇಕೆಂದಿರುವುದೆಲ್ಲ ಆ ದಾರಿಯ ವಿಷಯವೇ.

ನಮ್ಮ ಶಿರಾ ಸೀಮೆಯ ವರ್ಷ ಹೇಗಿರುತ್ತದೆ ನೋಡು. ಮುಂಗಾರಿಗೆ ಶೇಂಗಾ ಬಿತ್ತುತ್ತೇವೆ, ದೀಪಾವಳಿಯ ಆಸುಪಾಸಿಗೆ ಕಿತ್ತು ಮಾರುತ್ತೇವೆ. ರಾಗಿ ಕಣಕ್ಕೆ ಬರುತ್ತದೆ. ಶಿವರಾತ್ರಿ ಕಳೆಯುವ ಹೊತ್ತಿಗೆ ಹುಣಸೆ ಉದುರಿಸುತ್ತೇವೆ, ಒಂದಷ್ಟು ದಿನ ಹೆಂಗಸರಿಗೆ ಹುಣಸೆ ಕುಟ್ಟುವ ಕೂಲಿ ಸಿಗುತ್ತದೆ. ಅಲ್ಲಿಂದ ಮುಂದೆ ಇನ್ನೊಂದು ಬೆಳೆ ಕೈಗೆ ಬರುವವರೆಗೆ ಬಹುಪಾಲು ಮನೆಗಳಲ್ಲಿ ಬರುವ ದುಡ್ಡೇ ಇಲ್ಲ. ಆದರೆ ಖರ್ಚು ಬಂದು ನಿಲ್ಲುವುದು ಅದೇ ತಿಂಗಳುಗಳಲ್ಲಿ. ಬಿತ್ತನೆ ಬೀಜ, ಗೊಬ್ಬರ, ಮಕ್ಕಳ ಶಾಲೆ, ಪುಸ್ತಕ, ಬೇಸಿಗೆಯ ಮದುವೆಗಳ ಮುಯ್ಯಿ. ಆಗ ಕೈಗಡ, ಆಮೇಲೆ ಬಡ್ಡಿ ಸಾಲ, ಕಿವಿಯ ಓಲೆ ಅಡವು. ಬೆಳೆ ಬಂದ ಮೇಲೆ ಬೆಲೆ ನೋಡಿ ಮಾರೋಣ ಎನ್ನುವ ಹಾಗಿಲ್ಲ, ಸಾಲ ಕೊಟ್ಟವನು ಬಾಗಿಲಲ್ಲೇ ನಿಂತಿರುತ್ತಾನೆ. ನಮ್ಮ ಕಡೆ ಬಡತನ ಅಂದರೆ ದುಡ್ಡು ಕಡಿಮೆ ಇರುವುದು ಒಂದು ಕಷ್ಟ, ಬೇಕಾದ ತಿಂಗಳಲ್ಲಿ ಇಲ್ಲದಿರುವುದು ಅದಕ್ಕಿಂತ ದೊಡ್ಡ ಕಷ್ಟ.

ಊರಿಗೆ ಹಾಲಿನ ಡೈರಿ ಬಂದಾಗ ಏನಾಯಿತು ಎಂದು ನಿಮ್ಮಮ್ಮನನ್ನು ಕೇಳು. ಒಂದು ಹಸುವಿನ ಹಾಲು ಮಾರಿ ಯಾರೂ ಶ್ರೀಮಂತರಾಗಲಿಲ್ಲ. ಆದರೂ ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ ಬರುತ್ತದೆ ಎಂಬ ಧೈರ್ಯ ಬಂತು. ಅಂಗಡಿಯವನು ಸಾಮಾನು ಕೊಡಲು ಹಿಂದೆ ಮುಂದೆ ನೋಡುವುದು ನಿಂತಿತು. ನಿನ್ನ ಹೊಲಿಗೆಯಿಂದಲೂ ನಾನು ಮೊದಲು ಬಯಸುವುದು ಇದನ್ನೇ. ಮನೆಯ ಖಾಲಿ ತಿಂಗಳುಗಳನ್ನು ಅದು ತುಂಬಬೇಕು. ದೊಡ್ಡ ಅಂಗಡಿ, ಬೋರ್ಡು, ಉದ್ಘಾಟನೆ ಎಲ್ಲ ಆಮೇಲಿನ ಮಾತು.

ತರಬೇತಿಯಿಂದಲೇ ಬಡತನ ನೀಗಿಸುತ್ತೇವೆಂದು ಹೊರಟದ್ದು ಈಗಿನವರೇ ಮೊದಲಲ್ಲ. 1979ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಟ್ರೈಸೆಮ್ ಎಂಬ ಯೋಜನೆ ತಂದಿತು. ವರ್ಷಕ್ಕೆ ಎರಡು ಲಕ್ಷ ಹಳ್ಳಿ ಯುವಕ ಯುವತಿಯರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವುದು ಅದರ ಗುರಿ. ಉದ್ದೇಶ ಒಳ್ಳೆಯದೇ ಇತ್ತು. ಕಲಿಯುವಾಗ ಸ್ಟೈಪೆಂಡ್, ಕಲಿತ ಮೇಲೆ ಉಪಕರಣ ಕೊಟ್ಟರು. ಆದರೆ ಬಹಳ ಕಡೆ ಕಲಿಸುವವರಿಗೆ ಅನುಕೂಲವಾದ ಕಸುಬನ್ನೇ ಕಲಿಸಿದರು. ಒಂದೇ ಹೋಬಳಿಯಲ್ಲಿ ಹತ್ತಾರು ಜನ ಹೊಲಿಗೆ ಕಲಿತು ಕೂತರೆ ಹೊಲಿಸಿಕೊಳ್ಳುವವರು ಎಲ್ಲಿಂದ ಬರಬೇಕು? ಎಷ್ಟೋ ಮನೆಗಳಲ್ಲಿ ಸರ್ಕಾರ ಕೊಟ್ಟ ಮಷೀನಿನ ಮೇಲೆ ದಿಂಬು ಹೊದಿಕೆ ಪೇರಿಸಿಟ್ಟದ್ದನ್ನು ನಾನೇ ನೋಡಿದ್ದೇನೆ. ಆ ಹುಡುಗಿಯರಲ್ಲಿ ಕೈಗುಣವಿತ್ತು, ಗಿರಾಕಿ ಇರಲಿಲ್ಲ. 1999ರಲ್ಲಿ ಆ ಯೋಜನೆಯನ್ನು ಇನ್ನೊಂದರೊಳಗೆ ಸೇರಿಸಿ ಮುಗಿಸಿದರು.

ನಮ್ಮ ನಾಡಿನಲ್ಲೇ ಇದಕ್ಕೆ ಉತ್ತರ ಹುಡುಕಿದವರೂ ಇದ್ದಾರೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಊಟ ವಸತಿಯೊಂದಿಗೆ ಉಚಿತ ತರಬೇತಿ ಎಂಬುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅಲ್ಲಿ ಮುಖ್ಯವೆನಿಸಿದ್ದು ಬೇರೆ ಎರಡು ಸಂಗತಿ. ಕಸುಬಿನ ಜೊತೆಗೆ ವ್ಯಾಪಾರ ಮಾಡುವ ಧೈರ್ಯವನ್ನೂ ಲೆಕ್ಕವನ್ನೂ ಕಲಿಸುತ್ತಾರೆ, ಊರಿನ ಪೇಟೆ ಸುತ್ತಿ ಯಾವುದಕ್ಕೆ ಬೇಡಿಕೆಯಿದೆ ಎಂದು ನೋಡಿಕೊಂಡು ಬರಲು ಕಳಿಸುತ್ತಾರೆ. ಇನ್ನೊಂದು, ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಲ್ಲುತ್ತಾರೆ. ಬ್ಯಾಂಕಿನ ಬಾಗಿಲು ತೆರೆಸಲು, ಕಚ್ಚಾಮಾಲು ಎಲ್ಲಿ ಸಿಗುತ್ತದೆ ಎಂದು ತಿಳಿಸಲು, ಕುಗ್ಗಿದಾಗ ಮಾತನಾಡಿಸಲು ಜನ ಇರುತ್ತಾರೆ. 2009ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ದೇಶಕ್ಕೆಲ್ಲ ಹಬ್ಬಿಸಿ, ಜಿಲ್ಲೆಗೊಂದು ಆರ್‌ಸೆಟಿ ಎಂಬ ತರಬೇತಿ ಸಂಸ್ಥೆ ಇರಬೇಕೆಂದು ಬ್ಯಾಂಕುಗಳಿಗೆ ವಹಿಸಿತು. ನೀನು ಕಲಿತದ್ದೂ ಅಂಥ ಒಂದರಲ್ಲೇ. ಆ ಎರಡು ವರ್ಷ ನಿನ್ನ ಹಕ್ಕು ಮಗಳೇ. ಮೇಷ್ಟ್ರ ಫೋನ್ ನಂಬರ್ ಬರೆದಿಟ್ಟುಕೊಂಡು ಸುಮ್ಮನಾಗಬೇಡ. ಅನುಮಾನ ಬಂದಾಗಲೆಲ್ಲ ಕರೆ ಮಾಡು, ಊರಿಗೆ ಬಂದು ನೋಡಿ ಎಂದು ಕೇಳು. ಕೇಳದೆ ಬಿಟ್ಟವರೇ ಹೆಚ್ಚು.

ಈಗ ಗಿರಾಕಿಯ ವಿಷಯ. ಮಷೀನಿಗೆ ಅರ್ಜಿ ಹಾಕುವ ಮುಂಚೆ ಒಂದು ನೋಟ್‌ಬುಕ್ ತಗೊಂಡು ನಮ್ಮೂರು, ಪಕ್ಕದ ಎರಡೂರು ಸುತ್ತು. ಹೊಲಿಗೆಗೆ ಸಂಬಂಧಪಟ್ಟ ಯಾವ ಯಾವ ಕೆಲಸಕ್ಕೆ ಹೆಂಗಸರು ಶಿರಾಕ್ಕೆ ಬಸ್ಸು ಹತ್ತುತ್ತಾರೆ ಎಂದು ಕೇಳಿ ಬರೆದುಕೋ. ಬ್ಲೌಸಿಗೋ? ಫಾಲ್ಸ್, ಜಿಗ್‌ಜಾಗಿಗೋ? ಸೀರೆಗೆ ಕುಚ್ಚು ಕಟ್ಟಿಸಲೋ? ಮದುವೆ ಬ್ಲೌಸಿನ ಆರಿ ಕೆಲಸಕ್ಕೋ? ಶಾಲೆ ಮಕ್ಕಳ ಸಮವಸ್ತ್ರ ಯಾರು ಹೊಲಿಯುತ್ತಾರೆ? ಹಳೇ ಚೂಡಿದಾರ ಸಡಿಲ ಮಾಡಿಸಲು, ಪ್ಯಾಂಟಿನ ಚೈನ್ ಹಾಕಿಸಲು ಎಷ್ಟು ಜನ ದಾರಿ ಕಾಯುತ್ತಿದ್ದಾರೆ? ಒಂದು ಫಾಲ್ಸ್ ಹಾಕಿಸಲು ಅವರು ಕೊಡುವ ಮಜೂರಿಯ ಜೊತೆಗೆ ಬಸ್ ಚಾರ್ಜು, ಅರ್ಧ ದಿನದ ಕೂಲಿ ಕೂಡ ಹೋಗುತ್ತಿದೆ. ಅದನ್ನು ಉಳಿಸಿಕೊಡುವವಳು ನೀನಾದರೆ ಕರೆಯದೆಯೂ ಬರುತ್ತಾರೆ. ಕುಚ್ಚು ಕಟ್ಟಲು ಮಷೀನೂ ಬೇಡ, ಸೂಜಿ, ರೇಷ್ಮೆ ದಾರ, ಮಣಿ ಸಾಕು. ಮೊದಲ ಮೂರು ತಿಂಗಳು ಮನೆಯಲ್ಲಿರುವ ಹಳೇ ತುಳಿಯುವ ಮಷೀನಿನಲ್ಲೇ ಮಾಡು. ಎಷ್ಟು ಕೆಲಸ ಬರುತ್ತದೆ, ಯಾವ ತಿಂಗಳು ಹೆಚ್ಚು ಎಂಬ ಲೆಕ್ಕ ನಿನ್ನ ಕೈಯಲ್ಲಿದ್ದರೆ ಮ್ಯಾನೇಜರ್ ಎದುರು ಮಾತು ತಾನಾಗಿ ಬರುತ್ತದೆ. ನಾನು ಆ ಕುರ್ಚಿಯಲ್ಲಿ ಕೂತಿದ್ದಾಗ, ಇಂಥ ನೋಟ್‌ಬುಕ್ ತಂದವರಿಗೆ ಸಾಲ ಬರೆಯಲು ನನ್ನ ಕೈ ಎಂದೂ ಹಿಂಜರಿಯಲಿಲ್ಲ.

ಹೊಲಿಗೆ ಬಿಟ್ಟು ಊರಿನವರು ಮಾರುವ, ಕೊಳ್ಳುವ ಬೇರೆ ಸಾಮಾನಿನ ಪಟ್ಟಿಯನ್ನೂ ಹೀಗೇ ಓದಬಹುದು. ನಾವು ಶೇಂಗಾ ಕಾಯನ್ನು ಮೂಟೆಗಟ್ಟಲೆ ಮಾರಿ, ಎಣ್ಣೆ ಪ್ಯಾಕೆಟ್ ಕೊಂಡು ತರುತ್ತೇವೆ. ರಾಗಿ ಮಾರಿ ಮಕ್ಕಳಿಗೆ ಮೈದಾ ಬಿಸ್ಕತ್ತು ತರುತ್ತೇವೆ. ಹುಣಸೆ ಹಣ್ಣು ಇಲ್ಲಿಂದ ಹೋಗಿ, ಪುಡಿಯಾಗಿ, ಬಾಟಲಿಯಲ್ಲಿ ರಸವಾಗಿ ನಮ್ಮೂರಿನ ಅಂಗಡಿಗೇ ಮರಳಿ ಬರುತ್ತದೆ. 100 ಕೆ.ಜಿ. ಶೇಂಗಾ ಕಾಯಿ ಸುಲಿದರೆ ಸುಮಾರು 70 ಕೆ.ಜಿ. ಬೀಜ ಸಿಗುತ್ತದೆ. ಬೀಜದ ತೂಕದಲ್ಲಿ ನೂರಕ್ಕೆ 40ರಿಂದ 50 ಭಾಗ ಎಣ್ಣೆಯೇ. ಗಾಣದಲ್ಲಿ ಅಷ್ಟೂ ಇಳಿಯುವುದಿಲ್ಲ, ಒಂದಿಷ್ಟು ಹಿಂಡಿಯಲ್ಲಿ ಉಳಿಯುತ್ತದೆ, ಆ ಹಿಂಡಿಗೆ ಹಸು ಇರುವ ಮನೆಯವರೇ ಗಿರಾಕಿ. ಸಿಪ್ಪೆ ಒಲೆಗಾಗುತ್ತದೆ. ಊರಿನಲ್ಲೊಂದು ಗಾಣವಿದ್ದರೆ ಸುಲಿಯುವ ಕೂಲಿ, ಆಡಿಸುವ ಮಜೂರಿ, ಹಿಂಡಿಯ ದುಡ್ಡು ಮೂರೂ ಊರಲ್ಲೇ ನಿಲ್ಲುತ್ತವೆ. ಹೀಗೆಂದು ಎಲ್ಲರೂ ಗಾಣ ಹಾಕಿ ಎನ್ನಲಾರೆ. ಗಾಣದ ಎಣ್ಣೆಗೆ ಪ್ಯಾಕೆಟ್ ಎಣ್ಣೆಗಿಂತ ಬೆಲೆ ಹೆಚ್ಚು, ಅಷ್ಟು ಕೊಟ್ಟು ಕೊಳ್ಳುವವರು ತುಮಕೂರು, ಬೆಂಗಳೂರಿನಲ್ಲಿದ್ದಾರೆ, ಅವರನ್ನು ತಲುಪುವ ದಾರಿ ಮೊದಲು ಗೊತ್ತಿರಬೇಕು. ಊರಿನವರು ತಮ್ಮದೇ ಶೇಂಗಾ ತಂದು ಆಡಿಸಿಕೊಂಡು ಹೋಗುವ ಮಜೂರಿ ಗಾಣವಾದರೆ ಅಪಾಯ ಕಡಿಮೆ. ತಿನ್ನುವ ಪದಾರ್ಥ ಏನೇ ಮಾಡಿದರೂ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಬೇಕು. ಸಣ್ಣ ಮನೆ ಉದ್ಯಮಕ್ಕೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ನೋಂದಣಿಗೆ ಹೆದರಿ ಕಸುಬು ಕೈಬಿಟ್ಟವರನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತಿತ್ತು.

ನಿನ್ನ ತಮ್ಮ ಆರಿಸಿಕೊಂಡ ಕಸುಬು ನನಗೆ ಮೆಚ್ಚುಗೆಯಾಯಿತು. ನಮ್ಮ ಕಡೆ ಬೋರ್‌ವೆಲ್‌ಗಳು ಈಗ ಬಹಳ. ಬೇಸಿಗೆಯಲ್ಲಿ ನೀರು ಕೆಳಗಿಳಿದು, ವೋಲ್ಟೇಜ್ ಬಿದ್ದು ಸಬ್‌ಮರ್ಸಿಬಲ್ ಮೋಟರುಗಳು ಸುಡುತ್ತವೆ. ಹೊಲದಲ್ಲಿ ಕೆಲಸವಿಲ್ಲದ ಆ ತಿಂಗಳುಗಳೇ ರಿವೈಂಡಿಂಗಿನವನಿಗೆ ಸುಗ್ಗಿ. ಅಡಿಕೆ ತೋಟಕ್ಕೆ ಮೂರು ದಿನ ನೀರು ನಿಂತರೆ ರೈತನ ಜೀವ ಹಾರುತ್ತದೆ, ಇಂದೇ ಆಗಬೇಕು ಎನ್ನುತ್ತಾನೆ. ನಿನ್ನ ತಮ್ಮ ಕಲಿಯಬೇಕಾದದ್ದು ಒಂದಿದೆ. ಒಳ್ಳೆಯ ತಾಮ್ರದ ತಂತಿ ಹಾಕಿದೆನೋ ಅಗ್ಗದ್ದು ಹಾಕಿದೆನೋ ಎಂಬುದು ಮುಚ್ಚಿದ ಮೋಟರಿನೊಳಗೆ ಯಾರಿಗೂ ಕಾಣುವುದಿಲ್ಲ. ಆದರೆ ಎರಡನೇ ಬೇಸಿಗೆಗೆ ಊರಿಗೆಲ್ಲ ಗೊತ್ತಾಗುತ್ತದೆ. ಮೊದಲ ವರ್ಷ ಯಾವುದಾದರೂ ಹಳೇ ಮೆಕ್ಯಾನಿಕ್ ಹತ್ತಿರ ಕೈ ಪಳಗಿಸಿಕೊಳ್ಳಲಿ. ಸಂಬಳ ಕಡಿಮೆಯಾದರೂ ಸರಿ. ಒಂದು ತಿಂಗಳ ತರಬೇತಿ ಕಸುಬಿನ ಹೊಸ್ತಿಲು ದಾಟಿಸುತ್ತದೆ, ಒಳಮನೆ ಕಾಣುವುದು ಕೆಲಸ ಮಾಡುತ್ತಲೇ.

ನಿನ್ನ ಮಜೂರಿಗೆ ಬರೋಣ. ಊರಲ್ಲಿ ಎಲ್ಲರೂ ಇಷ್ಟು ತಗೊಳ್ಳುತ್ತಾರೆ, ನಾನೂ ಅಷ್ಟೇ ತಗೊಳ್ಳುತ್ತೇನೆ ಎಂದು ಬೆಲೆ ಕಟ್ಟಬೇಡ. ಮಾತಿಗೆ ಒಂದು ಲೈನಿಂಗ್ ಬ್ಲೌಸಿಗೆ 300 ರೂಪಾಯಿ ಎಂದಿಟ್ಟುಕೋ. ಲೈನಿಂಗ್ ಬಟ್ಟೆ, ದಾರ, ಹುಕ್ಕಿಗೆ 80 ಹೋಯಿತು. ಕರೆಂಟು, ಸಾಮಾನು ತರಲು ಬಸ್ಸು, ಮಷೀನಿನ ಸವಕಳಿ ಸೇರಿ 30 ಹಿಡಿ. ಉಳಿದದ್ದು 190. ನಾಲ್ಕು ಗಂಟೆಯಲ್ಲಿ ಮುಗಿಸಿದರೆ ದಿನಕ್ಕೆ ಎರಡು ಬ್ಲೌಸು, 380 ರೂಪಾಯಿ. 2025–26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿಯ ದಿನಗೂಲಿಯೇ 370 ಇತ್ತು. ಅದಕ್ಕಿಂತ ಹತ್ತು ರೂಪಾಯಿ ಹೆಚ್ಚು, ಅಷ್ಟೇ. ಅದೇ ಬ್ಲೌಸಿಗೆ ಆರು ಗಂಟೆ ಹಿಡಿದರೆ ಕೂಲಿಗಿಂತ ಕಡಿಮೆಗೆ ದುಡಿದ ಹಾಗಾಯಿತು. ನಮ್ಮ ಹೆಂಗಸರು ತಮ್ಮ ದುಡಿಮೆಗೆ ಬೆಲೆ ಹಾಕಿಕೊಳ್ಳುವುದೇ ಇಲ್ಲ. ಮನೆಯಲ್ಲಿ ಕೂತೇ ಮಾಡುವುದಲ್ಲವೇ, ಹೇಗೋ ನಡೆಯುತ್ತದೆ ಅನ್ನುತ್ತಾರೆ. ಹಾಗೆ ಬಿಟ್ಟರೆ ಆ ಉದ್ಯಮ ನಿನ್ನ ಬೆನ್ನುಮೂಳೆಯನ್ನೇ ತಿಂದು ಬದುಕುತ್ತದೆ. ಪ್ರತಿಯೊಂದರಲ್ಲೂ ಮೊದಲು ನಿನ್ನ ಕೂಲಿ ತೆಗೆದಿಡು. ಆಮೇಲೆ ಉಳಿದರೆ ಅದು ಲಾಭ. ಗಿಟ್ಟದ ಕೆಲಸವಿದ್ದರೆ ಕೈ ವೇಗ ಹೆಚ್ಚಿಸು, ಅದೂ ಆಗದಿದ್ದರೆ ಆ ಕೆಲಸ ಬಿಟ್ಟು ಇನ್ನೊಂದು ಹಿಡಿ.

ಉದ್ರಿಯ ಬಗ್ಗೆ ನಿನಗೆ ಹೇಳಿಕೊಡುವುದೇ ಬೇಡ, ಊರಲ್ಲೇ ಬೆಳೆದವಳು. ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ಎಲ್ಲರೂ ನೆಂಟರೇ. ಬಟ್ಟೆ ತಂದುಕೊಟ್ಟಾಗ ಅರ್ಧ ದುಡ್ಡು, ತಗೊಂಡು ಹೋಗುವಾಗ ಇನ್ನರ್ಧ ಎಂದು ಮೊದಲ ದಿನದಿಂದಲೇ ಗೋಡೆಗೆ ಬರೆದು ಅಂಟಿಸು. ಆಮೇಲೆ ನಿಯಮ ತಂದರೆ ಮುನಿಸಾಗುತ್ತದೆ, ಮೊದಲೇ ಇದ್ದರೆ ಯಾರೂ ಬೇಸರಪಡುವುದಿಲ್ಲ. ಹಾಗೆಯೇ ಮಾತು ಕೊಟ್ಟ ದಿನಕ್ಕೆ ಬಟ್ಟೆ ಕೊಡಬೇಕು. ಹಬ್ಬದ ಹಿಂದಿನ ದಿನ ಬರಿಗೈಯಲ್ಲಿ ವಾಪಸ್ಸು ಹೋದ ಹೆಂಗಸು ಮತ್ತೆ ಶಿರಾದ ಬಸ್ಸನ್ನೇ ಹತ್ತುತ್ತಾಳೆ.

ಮನೆಯ ದುಡ್ಡಿನ ಡಬ್ಬಿ ಬೇರೆ, ಕಸುಬಿನ ಡಬ್ಬಿ ಬೇರೆ ಇರಲಿ. ದಿನಾ ಸಂಜೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಎರಡೇ ಸಾಲು ಬರೆದರೂ ಸಾಕು. ಇಂಥ ಸಣ್ಣ ಶಿಸ್ತಿನ ಮೇಲೆ ದೊಡ್ಡ ಬ್ಯಾಂಕೇ ನಿಂತದ್ದುಂಟು. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಬ್ಯಾಂಕು ಕಟ್ಟಿದ್ದೇ ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು. 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಹೋಗಿ ಕೂಡಿಸುತ್ತಿದ್ದರು. ಎರಡಾಣೆ ಉಳಿಸಬಲ್ಲ ನೇಕಾರನನ್ನು ಅವರು ಗಿರಾಕಿ ಎಂದು ಗೌರವಿಸಿದರು. ಉಜಿರೆಯ ಸಂಸ್ಥೆಗೆ ಕೈಜೋಡಿಸಿದ ಸಿಂಡಿಕೇಟ್ ಬ್ಯಾಂಕು ಅದೇ ಬ್ಯಾಂಕು. ನೀನೂ ದಿನದ ಗಳಿಕೆಯಲ್ಲಿ ಒಂದು ಪಾಲು, ಹತ್ತೋ ಇಪ್ಪತ್ತೋ, ಕಣ್ಣು ಮುಚ್ಚಿ ತೆಗೆದಿಡು. ಮಷೀನ್ ಕೆಟ್ಟಾಗ, ಜ್ವರ ಬಂದು ಮಲಗಿದಾಗ ಸಾಲಕ್ಕೆ ಓಡದಿರಲು ಅದು ಬೇಕು.

ಸಾಲದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಹೇಳುತ್ತೇನೆ, ಬೇಸರಪಡಬೇಡ. ಸಣ್ಣ ಸಾಲ ಕೊಟ್ಟುಬಿಟ್ಟರೆ ಬಡವರೆಲ್ಲ ಉದ್ಯಮಿಗಳಾಗುತ್ತಾರೆ ಎಂದು ಒಂದು ಕಾಲದಲ್ಲಿ ಬಹಳ ಜನ ನಂಬಿದ್ದರು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಹೈದರಾಬಾದಿನ 104 ಬಡಾವಣೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. 52ರಲ್ಲಿ ಮೈಕ್ರೋಫೈನಾನ್ಸ್ ಶಾಖೆ ತೆರೆಯಿತು, ಉಳಿದವುಗಳಲ್ಲಿ ಇಲ್ಲ. ಮೊದಲೇ ವ್ಯಾಪಾರ ಇದ್ದವರು ಅದನ್ನು ಸ್ವಲ್ಪ ಬೆಳೆಸಿಕೊಂಡರು. ಆದರೆ ಒಟ್ಟಾರೆ ಮನೆಗಳ ಊಟ ಉಡುಗೆಯ ಖರ್ಚಾಗಲಿ, ಮಕ್ಕಳ ಓದಾಗಲಿ, ಹೆಂಗಸರ ಸ್ಥಾನಮಾನವಾಗಲಿ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಸಾಲ ಇರುವ ವ್ಯಾಪಾರವನ್ನು ಬೆಳೆಸುತ್ತದೆ, ಇಲ್ಲದ ವ್ಯಾಪಾರವನ್ನು ಹುಟ್ಟಿಸುವ ಶಕ್ತಿ ಅದಕ್ಕೆ ಇಲ್ಲ. ಅದಕ್ಕೇ ನಾನು ಮೂರು ತಿಂಗಳು ಹಳೇ ಮಷೀನಿನಲ್ಲಿ ಹೊಲಿ ಎಂದದ್ದು.

ವಾರದ ಕಂತಿನ ಸಾಲ ಕೊಡಲು ಊರಿಗೆ ಬೈಕಿನಲ್ಲಿ ಬರುವವರು ಇದ್ದಾರಲ್ಲ, ಅವರ ಹತ್ತಿರ ಮಷೀನಿಗೆ ಸಾಲ ತಗೊಳ್ಳಬೇಡ. ನಿನ್ನ ದುಡ್ಡು ಹಬ್ಬ, ಮದುವೆಗೆ ಬರುತ್ತದೆ, ಅವರ ಕಂತು ಪ್ರತಿ ವಾರ ಬರುತ್ತದೆ. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ, ಅದನ್ನು ತೀರಿಸಲು ಮೂರನೆಯದು. 2025ರ ಮೊದಲ ತಿಂಗಳುಗಳಲ್ಲಿ ನಮ್ಮ ರಾಜ್ಯದ ಹಳ್ಳಿಗಳಿಂದ ಬಂದ ಸುದ್ದಿ ನೆನೆದರೆ ಈಗಲೂ ಎದೆ ಹಿಂಡುತ್ತದೆ. ವಸೂಲಿಯ ಕಿರುಕುಳಕ್ಕೆ ಊರು ಬಿಟ್ಟವರು, ಜೀವ ಕಳೆದುಕೊಂಡವರು. ಆ ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಯಾರಾದರೂ ಹಾಗೆ ಹೆದರಿಸಿದರೆ ಪೊಲೀಸ್ ಠಾಣೆಗೆ ಹೋಗಬಹುದು, ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ ಎಂದು ನಿನ್ನ ಸಂಘದ ಹೆಂಗಸರಿಗೂ ಹೇಳು.

ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಸಿಗುತ್ತದೆ. ಒಂದು ಪವರ್ ಮಷೀನು, ಒಂದಿಷ್ಟು ದಾರ ಬಟ್ಟೆಗೆ ಅದು ಸಾಲುತ್ತದೆ. ಸಬ್ಸಿಡಿ ಹೆಚ್ಚು ಸಿಗುತ್ತದೆ ಎಂದು ದೊಡ್ಡ ಯೋಜನೆ ಬರೆಸುವ ಮಧ್ಯವರ್ತಿಗಳು ಬರುತ್ತಾರೆ, ಹುಷಾರು. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಶೇ 35 ಸಬ್ಸಿಡಿ ಇರುವುದು ನಿಜ. ಆದರೆ ಆ ಹಣ ನಿನ್ನ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆ. ಹಾಗಾಗಿ ಸಬ್ಸಿಡಿ ನೋಡಿ ಕಸುಬು ಆರಿಸಬೇಡ. ಕಸುಬು ತನ್ನ ಕಾಲ ಮೇಲೆ ನಿಲ್ಲುವಂತಿದ್ದರೆ ಸಬ್ಸಿಡಿ ಬೋನಸ್ಸು. ಆಹಾರ ಪದಾರ್ಥ ಮಾಡುವವರಿಗೆ ಕಿರು ಆಹಾರ ಸಂಸ್ಕರಣೆಯ ಯೋಜನೆಯಲ್ಲಿ ಕೇಂದ್ರದ ಶೇ 35ರ ಮೇಲೆ ರಾಜ್ಯ ಸರ್ಕಾರವೂ ಶೇ 15 ಸೇರಿಸುತ್ತದೆ. ಗಾಣದ ಮಾತು ಯಾರಾದರೂ ಎತ್ತಿದರೆ ಇದನ್ನು ತಿಳಿಸು.

ಒಬ್ಬಳೇ ದುಡಿಯುವುದಕ್ಕೆ ಒಂದು ಮಿತಿಯಿದೆ. ಸಮವಸ್ತ್ರದ ಆರ್ಡರ್ ಬಂದರೆ ಒಬ್ಬಳಿಂದ ಆಗುವುದಿಲ್ಲ. ಆಗ ಜೊತೆ ಬೇಕು. ಲಿಜ್ಜತ್ ಹಪ್ಪಳ ಗೊತ್ತಲ್ಲ? 1959ರಲ್ಲಿ ಮುಂಬೈಯ ಗಿರಗಾಂವಿನ ವಠಾರವೊಂದರ ಮಾಳಿಗೆಯ ಮೇಲೆ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಮೊದಲ ದಿನ ಕಟ್ಟಿದ್ದು ನಾಲ್ಕು ಪ್ಯಾಕೆಟ್. ದಾನ ತಗೊಳ್ಳುವುದಿಲ್ಲ ಎಂದು ಆಗಲೇ ಪಣ ತೊಟ್ಟರು. ಈಗ ನಲವತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಅದರ ಒಡತಿಯರು. ಅಲ್ಲಿ ಹಿಟ್ಟು ಕಲಸುವುದು ಒಂದೇ ಕಡೆ, ಲಟ್ಟಿಸುವುದು ಅವರವರ ಮನೆಯಲ್ಲಿ, ಪರೀಕ್ಷಿಸಿ ಪ್ಯಾಕ್ ಮಾಡುವುದು ಮತ್ತೆ ಒಂದೇ ಕಡೆ. ಸಣ್ಣ ಮಗುವಿರುವ ತಾಯಿಯೂ ದುಡಿಯಬಹುದು, ರುಚಿಯೂ ಒಂದೇ ಇರುತ್ತದೆ. ನಿಮ್ಮ ಹೊಲಿಗೆಗೂ ಇದು ಒಪ್ಪುತ್ತದೆ. ಕತ್ತರಿಸುವುದು ಒಬ್ಬರೇ ಮಾಡಲಿ, ಹೊಲಿಗೆ ಮನೆ ಮನೆಯಲ್ಲಿ ಆಗಲಿ, ಕಾಜ ಗುಂಡಿ, ಇಸ್ತ್ರಿ ಮುಗಿಸಿ ನೋಡಿ ಕೊಡುವುದು ನಿನ್ನಲ್ಲಿ. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಜೊತೆಗೂಡಿ ಹಳ್ಳಿ ಹೆಂಗಸರು ಕಟ್ಟಿದ ಚರಕ ಸಂಘಕ್ಕೆ ಆದಾಗ ಹೋಗಿ ಬಾ. ಅಡಿಕೆಯ ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ. ತಮ್ಮೂರಲ್ಲಿ ಇದ್ದದ್ದನ್ನೇ ಬಂಡವಾಳ ಮಾಡಿಕೊಂಡವರು ಅವರು.

ಹುಬ್ಬಳ್ಳಿಯ ಬೆಂಗೇರಿಯ ಸಂಗತಿಯನ್ನೂ ಹೇಳಬೇಕು, ಸುಖದ ಕಥೆಯಲ್ಲ ಅದು. 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಭಾರತೀಯ ಮಾನಕದ ಪ್ರಕಾರ ರಾಷ್ಟ್ರಧ್ವಜ ಹೊಲಿದು ದೇಶಕ್ಕೆಲ್ಲ ಕಳಿಸಿದ ಊರು. ಬಾಗಲಕೋಟೆಯ ತುಳಸಿಗೇರಿಯಲ್ಲಿ ಬಟ್ಟೆ ನೇಯುತ್ತಾರೆ, ಬೆಂಗೇರಿಯಲ್ಲಿ ಬಣ್ಣ, ಕತ್ತರಿ, ಹೊಲಿಗೆ. ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಅಳತೆಯಲ್ಲಿ, ನೂಲಿನ ಎಣಿಕೆಯಲ್ಲಿ, ಬಣ್ಣದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಧ್ವಜ ತಿರಸ್ಕಾರವಾಗುತ್ತದೆ. ಅಂಥ ಕೈಗಳು ಅವು. 2021ರ ಕೊನೆಯಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಯಂತ್ರದ, ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ಸಿಕ್ಕಿತು, ಆರ್ಡರುಗಳು ಕುಸಿದವು. ಅಷ್ಟು ನುರಿತ ಹೆಂಗಸರಿಗೆ ಹಾಗಾಗಬಾರದಿತ್ತು ಎಂದೇ ನನ್ನ ಭಾವನೆ. ನಿನಗೆ ಹೇಳುವುದಿಷ್ಟು: ಎಷ್ಟೇ ದೊಡ್ಡ ಗಿರಾಕಿಯಾದರೂ ಒಬ್ಬನನ್ನೇ ನಂಬಿ ಕೂರಬೇಡ. ಶಾಲೆಯ ಸಮವಸ್ತ್ರದ ಆರ್ಡರ್ ಸಿಕ್ಕ ವರ್ಷವೂ ಊರಿನ ಹೆಂಗಸರ ಫಾಲ್ಸ್ ಹಾಕುವುದನ್ನು ಬಿಡಬೇಡ.

ನಿನ್ನ ಜೊತೆ ತರಬೇತಿಗೆ ಬಂದಿದ್ದ ಆ ಕೊನೆಮನೆಯ ಹುಡುಗಿ ಇನ್ನೂ ಏನೂ ಶುರು ಮಾಡಿಲ್ಲ ಎಂದು ಹಗುರವಾಗಿ ಮಾತಾಡಬೇಡ. ದಿನದ ಕೂಲಿ ಬಿಟ್ಟರೆ ಮನೆಯಲ್ಲಿ ಒಲೆ ಉರಿಯದವಳು ಮೂರು ತಿಂಗಳು ಗಿರಾಕಿಗೆ ಕಾಯುವುದು ಹೇಗೆ? ತೀರಾ ಬಡವರ ವಿಷಯದಲ್ಲಿ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಹೊಸ ದಾರಿ ಹಿಡಿಯಿತು. ಸಾಲ ಕೊಡುವ ಬದಲು ಆಡೋ ಹಸುವೋ ಉಚಿತವಾಗಿ ಕೊಟ್ಟು, ಅದರಿಂದ ಆದಾಯ ಬರುವವರೆಗೆ ಊಟದ ಖರ್ಚಿಗೆ ಸ್ವಲ್ಪ ಹಣ, ಸಾಕುವ ತರಬೇತಿ, ಆಗಾಗ ಮನೆಗೆ ಬಂದು ವಿಚಾರಿಸುವ ಒಬ್ಬರು, ಇಷ್ಟೂ ಒಟ್ಟಿಗೆ. ಭಾರತ ಸೇರಿ ಆರು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡು ಇದರ ಪರೀಕ್ಷೆ ನಡೆದು 2015ರಲ್ಲಿ ಫಲ ಪ್ರಕಟವಾಯಿತು. ಎಲ್ಲ ಮುಗಿದು ವರ್ಷವಾದ ಮೇಲೂ ಆ ಮನೆಗಳು ಮೊದಲಿಗಿಂತ ಚೆನ್ನಾಗಿದ್ದವು. ಪಶ್ಚಿಮ ಬಂಗಾಳದಲ್ಲಂತೂ ಹಲವು ವರ್ಷಗಳ ನಂತರವೂ ಏಳಿಗೆ ನಿಲ್ಲಲಿಲ್ಲ. ತೀರಾ ಬಡವರಿಗೆ ಕಸುಬಿನ ಜೊತೆ ಹೊಟ್ಟೆಗೂ ದಾರಿ ಬೇಕು, ಬೆನ್ನಿಗೆ ಜನವೂ ಬೇಕು. ಅವಳನ್ನು ನಿನ್ನ ಜೊತೆ ದಿನಗೂಲಿಗೆ ಸೇರಿಸಿಕೋ, ಸಂಜೆಯೇ ದುಡ್ಡು ಕೊಡು. ಎಲ್ಲರೂ ಒಡೆಯರೇ ಆಗಬೇಕಿಲ್ಲ. ಸರಿಯಾದ ಸಂಬಳದ ಕೆಲಸವೂ ಬಡತನ ಕಳೆಯುತ್ತದೆ, ಎಷ್ಟೋ ಜನಕ್ಕೆ ಅದೇ ಹೆಚ್ಚು ನೆಮ್ಮದಿ.

ಇನ್ನೊಂದು ವಿಷಯ ಉಳಿದಿದೆ, ಅದು ನಿನ್ನ ಕೈಯಲ್ಲಿ ಪೂರ್ತಿ ಇಲ್ಲ. ಮಷೀನಿನ ಬಿಲ್ಲು, ಬ್ಯಾಂಕಿನ ಖಾತೆ, ಉದ್ಯಮ್ ನೋಂದಣಿ ಎಲ್ಲವೂ ನಿನ್ನ ಹೆಸರಲ್ಲೇ ಇರಬೇಕು, ಎಟಿಎಂ ಕಾರ್ಡ್ ನಿನ್ನ ಹತ್ತಿರವೇ ಇರಬೇಕು. ಹೆಂಗಸರ ಹೆಸರಿನ ಸಾಲದಲ್ಲಿ ಗಂಡಸರ ಬೈಕ್ ಬಂದದ್ದನ್ನು ನಾನು ಕಂಡಿದ್ದೇನೆ, ಕಂತು ಮಾತ್ರ ಅವಳೇ ಕಟ್ಟುತ್ತಿದ್ದಳು. ನಿನಗೆ ಗಂಡು ನೋಡುವ ಮಾತೂ ಮನೆಯಲ್ಲಿ ನಡೆದಿದೆ. ಈಗ ಕಟ್ಟಿಕೊಂಡ ಗಿರಾಕಿಗಳನ್ನು ಬಿಟ್ಟು ಬೇರೆ ಊರಿಗೆ ಹೋಗಬೇಕಾದರೆ ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕಾಗುತ್ತದೆ. ಅದಕ್ಕೇ ಮನೆಯವರು ಎರಡು ವರ್ಷ ಕಾಯಲಿ, ಕಸುಬು ಬೇರೂರಲಿ. ಆಮೇಲೆ ಬರುವ ಸಂಬಂಧದವರಿಗೆ ನಮ್ಮ ಹುಡುಗಿ ಮದುವೆಯಾದ ಮೇಲೂ ಹೊಲಿಗೆ ಬಿಡುವುದಿಲ್ಲ, ಮಷೀನುಗಳು ಅವಳ ಜೊತೆಗೇ ಬರುತ್ತವೆ, ದುಡಿಮೆಯ ದುಡ್ಡು ಅವಳದೇ ಎಂದು ಮೊದಲೇ ಹೇಳಿಬಿಡಬೇಕು. ಇದನ್ನು ನೀನು ಹೇಳಿದರೆ ಎದುರು ಮಾತು ಎನ್ನುತ್ತಾರೆ. ನಿಮ್ಮಪ್ಪನ ಹತ್ತಿರ ಆ ಮಾತು ನಾನೇ ಆಡುತ್ತೇನೆ. ಮುಂದಿನ ವಾರ ಊರಿಗೆ ಬರುತ್ತಿದ್ದೇನೆ.